ಹಳೆಯ ಕಂಪ್ರೆಷನ್ ಡ್ರೈವರ್‌ಗೆ ಹೊಸ ಡಯಾಫ್ರಾಮ್ ಹಾಕಿಸುವ ಮೊದಲು

ಪ್ರಶ್ನೆ: ನನ್ನ ಬಳಿ ಜೆಬಿಎಲ್ 2440 ಮಾದರಿಯ ಎರಡು ಹಳೆಯ ಕಂಪ್ರೆಷನ್ ಡ್ರೈವರ್‌ಗಳಿವೆ (ಹಾರ್ನ್‌ನ ಹಿಂದೆ ಕೂರಿಸುವ ಧ್ವನಿಘಟಕಗಳು). ಎರಡೂ 16 ಓಮ್‌ನವು, 2 ಇಂಚು ಬಾಯಿಯವು, ಅಲ್ನಿಕೊ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಲೋಹ) ಅಯಸ್ಕಾಂತದವು. ರೇಡಿಯಲ್ ಹಾರ್ನ್‌ಗೆ ಜೋಡಿಸಿ, 500 ಹರ್ಟ್ಸ್‌ನ ಪ್ಯಾಸಿವ್ ಕ್ರಾಸ್‌ಓವರ್ (ಕೆಳಸ್ವರ, ಮೇಲುಸ್ವರಗಳನ್ನು ಬೇರ್ಪಡಿಸಿ ಹಂಚುವ ಮಂಡಲ) ಮೂಲಕ ಕೇಳುತ್ತಿದ್ದೇನೆ. ಎಡಗಡೆಯದು ಬಲಗಡೆಯದಕ್ಕಿಂತ ಮಂಕಾಗಿದೆ. ಗಾಯನದಲ್ಲಿ ‘ಸ’, ‘ಶ’ ಬಂದಲ್ಲಿ ಅದೇ ಎಡಗಡೆಯಿಂದ ಕೆರೆದಂಥ ಸದ್ದು ಬರುತ್ತದೆ. 10 ಕಿಲೋಹರ್ಟ್ಸ್‌ನ ಮೇಲಂತೂ ಎರಡರಲ್ಲೂ ಏನೂ ಇಲ್ಲವೆನ್ನಬೇಕು. ಅಯಸ್ಕಾಂತ ಸೋತಿದೆ ಎಂದು ಒಬ್ಬರು ಹೇಳಿದರೆ, ಟೈಟಾನಿಯಂ ಡಯಾಫ್ರಾಮ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ನಿಮ್ಮ ಪತ್ರದಲ್ಲಿ ಮೂರು ದೂರುಗಳಿವೆ. ಅವುಗಳಲ್ಲಿ ಮೊದಲ ಎರಡು ರೋಗ, ಮೂರನೆಯದು ಹುಟ್ಟುಗುಣ. ಮೂರಕ್ಕೂ ಒಂದೇ ಮದ್ದೆಂದು ಹೊಸ ಡಯಾಫ್ರಾಮ್ ಹಾಕಿಸಿಬಿಟ್ಟರೆ, ಎಡಗಡೆಯ ಡ್ರೈವರ್ ಮಂಕಾಗಲು ಕಾರಣವೇನಿತ್ತೆಂಬುದು ಗೊತ್ತಾಗದೆಯೇ ಉಳಿಯುತ್ತದೆ, ಅದರ ಜೊತೆಗೆ ನಿಮ್ಮ ಡ್ರೈವರ್‌ನ ಮೂಲ ಸ್ವಭಾವವೂ ಬದಲಾಗಿಬಿಡುತ್ತದೆ. ಹುಟ್ಟುಗುಣದ ಮಾತನ್ನೇ ಮೊದಲು ಮುಗಿಸುತ್ತೇನೆ, ಏಕೆಂದರೆ ಜನ ಹೆಚ್ಚು ಹಣ ಕಳೆದುಕೊಳ್ಳುವುದು ಅಲ್ಲಿಯೇ.

ಈ ಜಾತಿಯ ಡ್ರೈವರ್ ಹುಟ್ಟಿದ್ದು ಸಿನಿಮಾ ಮಂದಿರಕ್ಕಾಗಿ. ಬೆಲ್ ಪ್ರಯೋಗಾಲಯದ ವೆಂಟೆ ಮತ್ತು ಥುರಾಸ್ ರೂಪಿಸಿದ ವೆಸ್ಟರ್ನ್ ಎಲೆಕ್ಟ್ರಿಕ್ 555, ಮಾತಿನ ಚಿತ್ರಗಳ ಆರಂಭಕಾಲವಾದ 1926ರಲ್ಲಿಯೇ ಬಳಕೆಗೆ ಬಂದಿತು. ಆಗಿನ ಶಾಶ್ವತ ಅಯಸ್ಕಾಂತಗಳು ದುರ್ಬಲವಾಗಿದ್ದುದರಿಂದ ಅದಕ್ಕೆ 7 ವೋಲ್ಟ್, 1.5 ಆಂಪಿಯರ್‌ನ ನೇರ ವಿದ್ಯುತ್ತನ್ನು ಪ್ರತ್ಯೇಕವಾಗಿ ಉಣಿಸಿ ವಿದ್ಯುತ್‌ಕಾಂತವನ್ನು ಜೀವಂತವಾಗಿಡಬೇಕಾಗಿತ್ತು. 1933ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ನುಡಿಸಿದ ವಾದ್ಯವೃಂದವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಕೇಳಿಸಿದ ಪ್ರಸಿದ್ಧ ಪ್ರಾತ್ಯಕ್ಷಿಕೆಯೂ ಇವರ ಹಾರ್ನ್‌ಗಳ ಮೇಲೆಯೇ ನಿಂತಿತ್ತು. ಆ ಸಾಲಿನಲ್ಲಿ ಬಂದ 594ಎ ಡ್ರೈವರ್‌ನ 4 ಇಂಚು ಗುಮ್ಮಟದ (ಗುಮ್ಮಟದಂತೆ ಉಬ್ಬಿದ ಡಯಾಫ್ರಾಮ್‌ನ) ವಿನ್ಯಾಸವೇ 1954ರ ಜೆಬಿಎಲ್ 375ಕ್ಕೆ ಮಾದರಿಯಾಯಿತು. ನಿಮ್ಮ 2440 ಆ 375ರ ವೃತ್ತಿಪರ ರೂಪ. ಚಿತ್ರದ ಅಂಚಿನಲ್ಲಿ ಬೆಳಕಿನಿಂದ ಮುದ್ರಿತವಾಗುತ್ತಿದ್ದ ಅಂದಿನ ಧ್ವನಿಪಟ್ಟಿಯಲ್ಲಿ 8 ಕಿಲೋಹರ್ಟ್ಸ್‌ನ ಮೇಲೆ ಉಳಿಯುತ್ತಿದ್ದುದೇ ಅತ್ಯಲ್ಪ. ಇಲ್ಲದ ಸ್ವರವನ್ನು ನುಡಿಸಲೆಂದು ಯಾರೂ ಡ್ರೈವರ್ ಕಟ್ಟುವುದಿಲ್ಲ.

ಆದರೂ ಇದಕ್ಕೆ ಭೌತಿಕ ಕಾರಣಗಳೂ ಇವೆ. 4 ಇಂಚು ಎಂದರೆ ಸುಮಾರು 102 ಮಿಲಿಮೀಟರ್. ಗುಮ್ಮಟದ ನಡುವಿನಿಂದ ಅಂಚಿಗೆ ಸುಮಾರು 50 ಮಿಲಿಮೀಟರ್ ದೂರ. 10 ಕಿಲೋಹರ್ಟ್ಸ್ ಸ್ವರದ ತರಂಗದೂರ ಗಾಳಿಯಲ್ಲಿ 34 ಮಿಲಿಮೀಟರ್ ಮಾತ್ರ. ಅಂದರೆ ಅಂಚಿನಿಂದ ಹೊರಟ ಧ್ವನಿಯೂ ನಡುವಿನಿಂದ ಹೊರಟ ಧ್ವನಿಯೂ ಬಾಯಿಗೆ ಬರುವಷ್ಟರಲ್ಲಿ 17 ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಸಾಕು, ಒಂದನ್ನೊಂದು ನುಂಗಿಹಾಕುತ್ತವೆ. ಇದನ್ನು ತಡೆಯಲು ಗುಮ್ಮಟದ ಟೊಳ್ಳಿನೊಳಗೆ, ಅದನ್ನು ಮುಟ್ಟದೆ ಮಿಲಿಮೀಟರಿಗಿಂತಲೂ ಕಡಿಮೆ ಅಂತರದಲ್ಲಿ, ಫೇಸ್ ಪ್ಲಗ್ ಎಂಬ ಲೋಹದ ಗಟ್ಟಿಯನ್ನು ಕೂರಿಸಿರುತ್ತಾರೆ. ಅದರಲ್ಲಿ ಉಂಗುರಾಕಾರದ ಸೀಳುಗಳಿದ್ದು, ಎಲ್ಲ ಕಡೆಯ ಗಾಳಿಯೂ ಸಮಾನ ದೂರ ಸಾಗಿ ಬಾಯಿಗೆ ಬರುವಂತೆ ದಾರಿ ಮಾಡಿಕೊಡುತ್ತವೆ. ಸೀಳುಗಳ ಒಟ್ಟು ವಿಸ್ತಾರ ಗುಮ್ಮಟದ ವಿಸ್ತಾರದ ಸುಮಾರು ಹತ್ತರಲ್ಲಿ ಒಂದು ಪಾಲು. ಈ ಹಿಂಡುವಿಕೆಯಿಂದಲೇ ‘ಕಂಪ್ರೆಷನ್’ ಎಂಬ ಹೆಸರು ಬಂದಿದೆ. (ಆಲ್ಟೆಕ್ ಕಂಪನಿಯವರು ಮುಂದೆ ಇದೇ ಕೆಲಸಕ್ಕೆ ಕಿತ್ತಳೆಯ ತೊಳೆಗಳ ಹಾಗೆ ನಡುವಿನಿಂದ ಹೊರಕ್ಕೆ ಹರಡುವ ಸೀಳುಗಳನ್ನು ಬಳಸಿದರು, ಅದಕ್ಕೆ ‘ಟ್ಯಾಂಜರೀನ್’ ಎಂದೇ ಹೆಸರಿಟ್ಟರು.)

ದಾರಿ ಎಷ್ಟೇ ಸಮವಾಗಿದ್ದರೂ ಗುಮ್ಮಟ ಮತ್ತು ಅದರ ಅಂಚಿಗೆ ಅಂಟಿಕೊಂಡು ಅಯಸ್ಕಾಂತದ ಸಂದಿನಲ್ಲಿ ಆಡುವ ತಂತಿ ಸುರುಳಿಯ ತೂಕವನ್ನು ತಪ್ಪಿಸಿಕೊಳ್ಳಲಾಗುವುದಿಲ್ಲ. ಪ್ರತಿ ಕಂಪ್ರೆಷನ್ ಡ್ರೈವರ್‌ಗೂ ಒಂದು ತಿರುವು ಆವೃತ್ತಿಯಿರುತ್ತದೆ. ಕಾಂತಕ್ಷೇತ್ರ ಮತ್ತು ತಂತಿಯ ಉದ್ದದ ಗುಣಲಬ್ಧವನ್ನು ವರ್ಗ ಮಾಡಿ, ಅದನ್ನು ಸುರುಳಿಯ ರೋಧ, ಚಲಿಸುವ ಭಾಗದ ತೂಕ ಮತ್ತು ಪೈ, ಈ ಮೂರರ ಗುಣಲಬ್ಧದಿಂದ ಭಾಗಿಸಿದರೆ ಅದು ಸಿಗುತ್ತದೆ. ಬಹುತೇಕ ಡ್ರೈವರ್‌ಗಳಲ್ಲಿ ಇದು 3.5 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿದೆ. ಅಲ್ಲಿಂದ ಮೇಲಕ್ಕೆ ಆವೃತ್ತಿ ಇಮ್ಮಡಿಯಾದಂತೆಲ್ಲ ಒಟ್ಟು ಧ್ವನಿಶಕ್ತಿ 6 ಡೆಸಿಬಲ್‌ನಂತೆ ಇಳಿಯುತ್ತದೆ. ಹಳೆಯ ಎಕ್ಸ್‌ಪೊನೆನ್ಷಿಯಲ್ ಹಾರ್ನ್‌ಗಳಲ್ಲಿ ಈ ಇಳಿಕೆ ಎದುರಿಗೆ ಕುಳಿತವರಿಗೆ ಕಾಣುತ್ತಿರಲಿಲ್ಲ, ಏಕೆಂದರೆ ಆವೃತ್ತಿ ಏರಿದಂತೆ ಆ ಹಾರ್ನ್‌ಗಳು ಧ್ವನಿಯನ್ನು ಟಾರ್ಚಿನ ಬೆಳಕಿನಂತೆ ಕಿರಿದಾಗಿಸಿ, ಇದ್ದಷ್ಟನ್ನು ನೇರ ಮುಂದಕ್ಕೆ ಕಳುಹಿಸುತ್ತಿದ್ದವು. ರೇಡಿಯಲ್ ಹಾರ್ನ್ ಅಡ್ಡಕ್ಕೆ ಅಗಲವಾಗಿ ಹರಡಿದರೂ ಲಂಬದಲ್ಲಿ ಹೀಗೆಯೇ ಕಿರಿದಾಗುತ್ತದೆ. 1970ರ ದಶಕದ ನಂತರ ಬಂದ, ಎಲ್ಲ ಆವೃತ್ತಿಗಳನ್ನೂ ಒಂದೇ ಕೋನದಲ್ಲಿ ಹರಡುವ ಹಾರ್ನ್‌ಗಳ ಮೇಲೆ ಇದೇ ಡ್ರೈವರ್ ಕೂರಿಸಿದರೆ ಇಳಿಕೆ ಬೆತ್ತಲಾಗಿ ಕಾಣುತ್ತದೆ. ಅದನ್ನು ಈಕ್ವಲೈಸರ್‌ನಿಂದ ಎತ್ತಲೇಬೇಕು. ಆದ್ದರಿಂದ ‘ಈ ಡ್ರೈವರ್ ಮಂಕು’ ಎಂಬ ಮಾತಿಗೆ ಯಾವ ಹಾರ್ನ್ ಎಂದು ಹೇಳದೆ ಅರ್ಥವಿಲ್ಲ. ನೀವು ಹಾರ್ನ್ ಯಾವುದೆಂದು ಹೇಳಿದ್ದೀರಿ. ಬಹಳ ಮಂದಿ ಹೇಳುವುದೇ ಇಲ್ಲ.

ಕೊನೆಯದು ಅಂಚಿನ ಮಡಿಕೆ. 2440ರ ಅಲ್ಯೂಮಿನಿಯಂ ಗುಮ್ಮಟದ ಸುತ್ತ ದುಂಡನೆಯ ಸುರುಟು ಮಡಿಕೆಯಿದೆ. ಅದರೊಂದಿಗೆ ಈ ಡ್ರೈವರ್ 9 ಕಿಲೋಹರ್ಟ್ಸ್‌ನ ನಂತರ ಬೇಗನೆ ಇಳಿಯುತ್ತದೆ. ಮುಂದಿನ 2441ರಲ್ಲಿ ಜೆಬಿಎಲ್ ಎಂಜಿನಿಯರುಗಳು ಅದೇ ಜಾಗದಲ್ಲಿ ವಜ್ರಾಕೃತಿಯ ಮಡಿಕೆಗಳನ್ನು ಒತ್ತಿದರು. ಆ ಮಡಿಕೆಯ ಅನುರಣನ ತುದಿಯ ಸ್ವರಗಳಲ್ಲಿ ಬಂದು ಕುಳಿತು, ಇಳಿಯುತ್ತಿದ್ದ ರೇಖೆಯನ್ನು ಎತ್ತಿ ಹಿಡಿಯಿತು. ಅದು ಜಾಣತನವೇ ಹೌದು, ಆದರೆ ಎತ್ತಿ ಹಿಡಿಯುತ್ತಿರುವುದು ಒಂದು ಅನುರಣನ ಎಂಬುದನ್ನು ಮರೆಯಬಾರದು. ನನ್ನ ಅಭಿಪ್ರಾಯ ಕೇಳಿದರೆ, 2440ರಂಥ ಡ್ರೈವರ್‌ನಿಂದ 500ರಿಂದ 7 ಅಥವಾ 8 ಕಿಲೋಹರ್ಟ್ಸ್‌ವರೆಗೆ ದುಡಿಸಿಕೊಂಡು, ಅದರ ಮೇಲಿನ ಸ್ವರಗಳಿಗೆ ಪ್ರತ್ಯೇಕ ಟ್ವೀಟರ್ (ತುದಿಯ ಸ್ವರಗಳ ಸ್ಪೀಕರ್) ಇಡುವುದೇ ಸರಿ. 375ರ ಕಾಲದಲ್ಲಿ ತಯಾರಕರೇ ಅದಕ್ಕೆ 075 ಎಂಬ ಟ್ವೀಟರನ್ನು 7 ಕಿಲೋಹರ್ಟ್ಸ್‌ನಿಂದ ಜೋಡಿಸುತ್ತಿದ್ದರು.

ಇನ್ನು ನಿಜವಾದ ರೋಗಕ್ಕೆ ಬರೋಣ. ಎಡಗಡೆ ಮಂಕಾಗಿರುವುದಕ್ಕೆ ಡ್ರೈವರ್ ಕಾರಣವೆಂದು ನೀವು ನಂಬಿದ್ದೀರಿ, ಆದರೆ ಅದು ಇನ್ನೂ ಸಾಬೀತಾಗಿಲ್ಲ. ಮೊದಲು ಎಡ ಬಲದ ತಂತಿಗಳನ್ನು ಡ್ರೈವರ್‌ನ ಬಳಿಯೇ ಅದಲುಬದಲು ಮಾಡಿ. ಮಂಕುತನ ತಂತಿಯ ಜೊತೆಗೆ ಬಲಕ್ಕೆ ಹೋದರೆ ತಪ್ಪು ಕ್ರಾಸ್‌ಓವರ್‌ನಲ್ಲಿದೆ ಅಥವಾ ಅದರ ಹಿಂದೆ ಇದೆ, ಡ್ರೈವರ್ ಬಿಚ್ಚುವ ಅಗತ್ಯವೇ ಇಲ್ಲ. ಹೋಗದಿದ್ದರೆ ತಂತಿ ಕಳಚಿ, ಮಲ್ಟಿಮೀಟರಿನಲ್ಲಿ ಎರಡೂ ಸುರುಳಿಗಳ ರೋಧ ಅಳೆಯಿರಿ. ಹೆಸರಿಗೆ 16 ಓಮ್ ಆದರೂ ಮೀಟರ್ ಅದಕ್ಕಿಂತ ಸಾಕಷ್ಟು ಕಡಿಮೆ ತೋರಿಸುವುದು ಸಹಜ. ಎರಡರ ನಡುವೆ ಎಷ್ಟು ಅಂತರವಿದೆ ಎಂಬುದೇ ಮುಖ್ಯ. ಒಂದು ಇನ್ನೊಂದರ ಅರ್ಧದಷ್ಟಿದ್ದರೆ ಹಿಂದಿನ ಮಾಲೀಕರಲ್ಲಿ ಯಾರೋ ಒಂದಕ್ಕೆ 8 ಓಮ್ ಡಯಾಫ್ರಾಮ್ ಹಾಕಿದ್ದಾರೆ ಎಂದರ್ಥ. ಇದು ಕೇವಲ ಗಟ್ಟಿ ಮೆಲ್ಲಗಿನ ಪ್ರಶ್ನೆಯಲ್ಲ. 20 ಮೈಕ್ರೋಫ್ಯಾರಡ್ ಕೆಪಾಸಿಟರ್ 16 ಓಮ್‌ನೊಂದಿಗೆ ಸುಮಾರು 500 ಹರ್ಟ್ಸ್‌ನಲ್ಲಿ ಕತ್ತರಿಸಿದರೆ, 8 ಓಮ್‌ನೊಂದಿಗೆ ಸುಮಾರು 1,000 ಹರ್ಟ್ಸ್‌ನಲ್ಲಿ ಕತ್ತರಿಸುತ್ತದೆ. ಹಾಗಾದಾಗ ಎರಡು ಬದಿಗಳ ಸ್ವರದ ಮೈಕಟ್ಟೇ ಬೇರೆಯಾಗುತ್ತದೆ. ಮೀಟರ್ ಹಿಡಿದಿರುವಾಗಲೇ ತಂತಿಯ ತುದಿಗಳನ್ನು ಮೆಲ್ಲಗೆ ಅಲುಗಿಸಿ ನೋಡಿ. ಸ್ಪ್ರಿಂಗ್ ಟರ್ಮಿನಲ್‌ಗಳಲ್ಲಿ ಕಿಲುಬು ಹಿಡಿದು ರೋಧ ಏರುಪೇರಾಗುವುದು ಹಳೆಯ ಡ್ರೈವರ್‌ಗಳಲ್ಲಿ ತೀರಾ ಸಾಮಾನ್ಯ.

ಮುಂದಿನ ಪರೀಕ್ಷೆಗೆ ಡ್ರೈವರ್ ಹಾರ್ನ್‌ನ ಮೇಲೆಯೇ ಇರಲಿ. ಹಾರ್ನ್ ಇಲ್ಲದ ಗುಮ್ಮಟಕ್ಕೆ ಗಾಳಿಯ ಒತ್ತಾಸರೆ ಇರುವುದಿಲ್ಲ. ಸಂಕೇತ ಜನಕದಿಂದ ಸೈನ್ ಸ್ವರವನ್ನು 500 ಹರ್ಟ್ಸ್‌ನಿಂದ ನಿಧಾನವಾಗಿ ಏರಿಸುತ್ತಾ ಕೇಳಿ. ವೋಲ್ಟೇಜ್ ಬಹಳ ಕಡಿಮೆ ಇರಬೇಕು. 1 ವ್ಯಾಟ್‌ಗೆ 110 ಡೆಸಿಬಲ್ ಕೊಡುವ ವ್ಯವಸ್ಥೆಗೆ 0.3 ವೋಲ್ಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್ ಆಗುತ್ತದೆ, ಅಷ್ಟು ಸಾಕು. ಕಿವಿಯನ್ನು ಹಾರ್ನ್‌ನ ಬಾಯಿಗೆ ಇಡಬೇಡಿ. ಕೆರೆತ 500ರಿಂದ 800 ಹರ್ಟ್ಸ್‌ನ ನಡುವೆಯೇ ಕೇಳಿದರೆ ಸುರುಳಿ ಸಂದಿನಲ್ಲಿ ಉಜ್ಜುತ್ತಿದೆ ಅಥವಾ ಕಸ ಸಿಕ್ಕಿದೆ. ಏಕೆಂದರೆ ಹಾರ್ನ್ ಹೊರೆಯಡಿ ಆವೃತ್ತಿ ಅರ್ಧವಾದಂತೆ ಗುಮ್ಮಟದ ಓಲಾಟ ಇಮ್ಮಡಿಯಾಗುತ್ತದೆ, ಉಜ್ಜಾಟ ಕಾಣುವುದು ಓಲಾಟ ಹೆಚ್ಚಿದ್ದಲ್ಲಿ. ಕೆಳಗೆ ಶುದ್ಧವಾಗಿದ್ದು 4 ಅಥವಾ 5 ಕಿಲೋಹರ್ಟ್ಸ್ ದಾಟಿದ ಮೇಲೆ ಒಂದು ನಿರ್ದಿಷ್ಟ ಸ್ವರದಲ್ಲಿ ಮಾತ್ರ ಕಿರುಗುಟ್ಟಿದರೆ, ಗುಮ್ಮಟಕ್ಕೂ ಸುರುಳಿಗೂ ನಡುವಿನ ಅಂಟು ಬಿಟ್ಟಿರುವುದು, ಅಂಚಿನ ಮಡಿಕೆ ಸೀಳಿರುವುದು ಅಥವಾ ಸುರುಳಿಯಿಂದ ಹೊರಬರುವ ಚಪ್ಪಟೆ ತಂತಿ ಬಾಗಿದಲ್ಲಿ ಬಿರುಕು ಬಿಟ್ಟಿರುವುದು ಸಾಮಾನ್ಯ ಕಾರಣಗಳು. ‘ಸ’, ‘ಶ’ಗಳ ಶಕ್ತಿಯೆಲ್ಲ ಈ ಮೇಲಿನ ಪಟ್ಟಿಯಲ್ಲೇ ಇರುವುದರಿಂದ ನನ್ನ ಅನುಮಾನ ಎರಡನೆಯ ಗುಂಪಿನ ಮೇಲಿದೆ. ಆದರೂ ಗಾಯಕರ ಕಂಠದ ಕೆಳಸ್ವರ ಅದೇ ಹೊತ್ತಿಗೆ ಗುಮ್ಮಟವನ್ನು ಓಲಾಡಿಸುತ್ತಿರುತ್ತದೆ, ಹಾಗಾಗಿ ಹಾಡು ಕೇಳಿ ತೀರ್ಮಾನಿಸಬೇಡಿ. ಸೈನ್ ಸ್ವರವೇ ಸಾಕ್ಷಿಯಾಗಲಿ.

ಈಗ ಡ್ರೈವರ್ ಬಿಚ್ಚುವ ಕೆಲಸ. ಹತ್ತು ಕಿಲೋ ಮೀರಿದ ಈ ಗುಂಡನ್ನು ಹಾರ್ನ್‌ನಿಂದ ಇಳಿಸಿ, ಬಾಯಿ ಕೆಳಗಾಗಿ, ಬಟ್ಟೆ ಹಾಸಿದ ಮೇಜಿನ ಮೇಲೆ ಇಡಿ. ಆ ಮೇಜಿನ ಮೇಲೆ ಹಿಂದೆ ಯಾವತ್ತಾದರೂ ಕಬ್ಬಿಣಕ್ಕೆ ಅರ ಹಾಕಿದ್ದರೆ ಬೇರೆ ಮೇಜು ಹುಡುಕಿ. ಹಿಂಬದಿಯ ಮುಚ್ಚಳ ತೆಗೆಯುತ್ತಿದ್ದಂತೆ ಗುಮ್ಮಟ ಉಬ್ಬಿಕೊಂಡು ನಿಮ್ಮತ್ತಲೇ ನೋಡುತ್ತದೆ. ಧ್ವನಿ ಹೊರಡುವುದು ಅದರ ಆಚೆಗಿನ ಟೊಳ್ಳು ಬದಿಯಿಂದ, ಅಯಸ್ಕಾಂತದ ನಡುವೆ ಕೊರೆದ ದಾರಿಯಲ್ಲಿ. ಆ ಗುಮ್ಮಟ ಸುಮಾರು 0.05 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆ. ಅದರ ಕೆಳಗೇ ಸುಮಾರು 20,000 ಗಾಸ್‌ನ ಕಾಂತಕ್ಷೇತ್ರ ಕಾದು ಕುಳಿತಿದೆ. ಹಲವು ವರ್ಷಗಳ ಹಿಂದೆ ನಾನು ಉಕ್ಕಿನ ಸ್ಕ್ರೂಡ್ರೈವರನ್ನು ಎರಡು ಬೆರಳುಗಳಲ್ಲಿ ಹಗುರವಾಗಿ ಹಿಡಿದು ಕೊನೆಯ ತಿರುಪು ತೆಗೆಯುತ್ತಿದ್ದಾಗ, ಅದು ಕೈಯಿಂದ ಜಾರಲಿಲ್ಲ, ಕಸಿದುಕೊಂಡಂತೆ ಹೋಯಿತು. ‘ಟಕ್’ ಎಂಬ ಸಣ್ಣ ಸದ್ದು, ಗುಮ್ಮಟದ ಮೇಲೆ ಹೆಸರುಕಾಳಿನಷ್ಟು ಕುಳಿ. ಆ ಡಯಾಫ್ರಾಮ್ ಮತ್ತೆ ಮೊದಲಿನಂತೆ ನುಡಿಯಲಿಲ್ಲ. ಆದ್ದರಿಂದ ಉಪಕರಣವನ್ನು ಮುಷ್ಟಿಯಲ್ಲಿ ಹಿಡಿಯಿರಿ, ಇನ್ನೊಂದು ಕೈಯ ಅಂಗೈಯನ್ನು ಗುಮ್ಮಟಕ್ಕೂ ಉಕ್ಕಿಗೂ ಮಧ್ಯೆ ಅಡ್ಡವಾಗಿಡಿ.

ಮುಚ್ಚಳದ ಒಳಗೆ ಅಂಟಿಸಿದ ಸ್ಪಂಜು ಹಲವು ಹಳೆಯ ಡ್ರೈವರ್‌ಗಳಲ್ಲಿ ಕೊಳೆತು, ಮುಟ್ಟಿದರೆ ಜಿಗುಟು ಪುಡಿಯಾಗಿ ಬೆರಳಿಗೆ ಅಂಟುತ್ತದೆ. ಆ ಪುಡಿ ಗುಮ್ಮಟದ ಮೇಲೆ ಉದುರಿ ಅದರ ತೂಕ ಹೆಚ್ಚಿಸಿದರೆ ತುದಿಯ ಸ್ವರಗಳು ಇಳಿಯುತ್ತವೆ. ಸಂದಿಗೆ ಇಳಿದರೆ ಕೆರೆತ. ನಿಮ್ಮ ಎರಡು ದೂರುಗಳೂ ಈ ಒಂದೇ ಕಾರಣದಿಂದ ಬಂದಿರಲೂಬಹುದು. ಗುಮ್ಮಟದ ಮೇಲಿನ ಪುಡಿಯನ್ನು ಮೃದುವಾದ ಕುಂಚದಿಂದ ತೆಗೆಯಿರಿ, ಊದಬೇಡಿ, ಊದಿದರೆ ಅದು ಸಂದಿಗೇ ಹೋಗುತ್ತದೆ. ಡಯಾಫ್ರಾಮ್‌ನ ಉಂಗುರವನ್ನು ಓರೆಯಾಗದಂತೆ ನೇರ ಮೇಲಕ್ಕೆತ್ತಿದ ಮೇಲೆ, ದಪ್ಪ ಕಾಗದದ ಪಟ್ಟಿಗೆ ಅಂಟುಪಟ್ಟಿಯನ್ನು ಅಂಟು ಹೊರಗಾಗಿ ಸುತ್ತಿ, ಸಂದಿನ ಸುತ್ತಲೂ ಎಳೆಯಿರಿ. ಪಟ್ಟಿ ಶುಭ್ರವಾಗಿ ಬರುವ ತನಕ ಹೊಸದನ್ನು ಸುತ್ತಿ ಎಳೆಯುತ್ತಿರಿ. ಕಬ್ಬಿಣದ ಸಣ್ಣ ಚೂರು ಸಂದಿನ ಗೋಡೆಗೆ ಗಡ್ಡದ ಕೂದಲಿನಂತೆ ನಿಂತುಕೊಂಡಿರುತ್ತದೆ. ಅದನ್ನು ಕಣ್ಣಿನಿಂದ ಹುಡುಕುವುದಕ್ಕಿಂತ ಅಂಟಿನಿಂದ ಹುಡುಕುವುದೇ ಸುಲಭ.

ಇಷ್ಟಾದ ಮೇಲೂ ಎಡ ಬಲದ ವ್ಯತ್ಯಾಸ ಉಳಿದರೆ, ಎರಡು ಡಯಾಫ್ರಾಮ್‌ಗಳನ್ನು ಪರಸ್ಪರ ಬದಲಿಸಿ. ಎಡಗಡೆಯದನ್ನು ಬಲದ ದೇಹಕ್ಕೆ, ಬಲಗಡೆಯದನ್ನು ಎಡದ ದೇಹಕ್ಕೆ ಹಾಕಿ ಮತ್ತೆ ಅಳೆಯಿರಿ. ಮಂಕುತನ ಡಯಾಫ್ರಾಮ್‌ನ ಜೊತೆಗೆ ಹೋದರೆ ಡಯಾಫ್ರಾಮ್ ತಪ್ಪಿತಸ್ಥ. ದೇಹದಲ್ಲೇ ಉಳಿದರೆ ಅಯಸ್ಕಾಂತ. ದುಡ್ಡು ಖರ್ಚಿಲ್ಲದ ಈ ಒಂದು ಪರೀಕ್ಷೆಯನ್ನು ಮಾಡದೆಯೇ ಜನ ಅಯಸ್ಕಾಂತದ ಬಗ್ಗೆ ವರ್ಷಗಟ್ಟಲೆ ವಾದ ಮಾಡುವುದನ್ನು ಕಂಡಿದ್ದೇನೆ. ಮರುಜೋಡಣೆಯಲ್ಲಿ, ಕೂರಿಸುವ ಗೂಟಗಳಿಲ್ಲದ ಡ್ರೈವರ್ ಆದರೆ, ತಿರುಪುಗಳನ್ನು ಸಡಿಲವಾಗಿಟ್ಟು, ತೀರಾ ಮೆಲುದನಿಯ 500 ಹರ್ಟ್ಸ್ ಸ್ವರ ನುಡಿಸುತ್ತಾ, ಉಂಗುರವನ್ನು ಕೂದಲೆಳೆಯಷ್ಟು ಸರಿಸಿ, ಸ್ವರ ಶುದ್ಧವಾದಲ್ಲಿ ಎದುರುಬದುರಿನ ತಿರುಪುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಅಯಸ್ಕಾಂತದ ಬಗ್ಗೆ ಹೇಳುವುದಾದರೆ, ಅಲ್ನಿಕೊ ತಾನಾಗಿಯೇ ಮುಪ್ಪಾಗಿ ಸೋಲುವುದು ಅಪರೂಪ. ಅದು ಸೋಲುವುದು ಬಿದ್ದಾಗ, ಬಲವಾದ ಏಟು ತಿಂದಾಗ, ಇಲ್ಲವೇ ಯಾರಾದರೂ ಅಯಸ್ಕಾಂತದ ಕವಚವನ್ನೇ ಬಿಚ್ಚಿ ಕಾಂತಪಥವನ್ನು ತೆರೆದಾಗ. ಡಯಾಫ್ರಾಮ್ ತೆಗೆಯುವುದರಿಂದ ಏನೂ ಆಗುವುದಿಲ್ಲ, ಆದರೆ ಕಂಬವನ್ನೋ ಮೇಲಿನ ಉಕ್ಕಿನ ತಟ್ಟೆಯನ್ನೋ ಕಳಚಿದರೆ, ಅದನ್ನು ಮತ್ತೆ ಜೋಡಿಸಿದ ಮಾತ್ರಕ್ಕೆ ಹಳೆಯ ಬಲ ಬರುವುದಿಲ್ಲ. ಸೋತ ಅಯಸ್ಕಾಂತಕ್ಕೆ ಒಂದು ಗುರುತಿದೆ: ನಷ್ಟ ಎಲ್ಲ ಸ್ವರಗಳಲ್ಲೂ ಸಮನಾಗಿರುವುದಿಲ್ಲ. ಕಾಂತಕ್ಷೇತ್ರ ಹತ್ತನೇ ಒಂದು ಪಾಲು ಕುಗ್ಗಿದರೆ, ಮೇಲೆ ಹೇಳಿದ ತಿರುವು ಆವೃತ್ತಿ 3,500ರಿಂದ ಸುಮಾರು 2,800 ಹರ್ಟ್ಸ್‌ಗೆ ಇಳಿಯುತ್ತದೆ, ಏಕೆಂದರೆ ಅದು ಕಾಂತಕ್ಷೇತ್ರದ ವರ್ಗವನ್ನು ಅನುಸರಿಸುತ್ತದೆ. ಆಗ ಮೇಲಿನ ಸ್ವರಗಳು ಸುಮಾರು 1 ಡೆಸಿಬಲ್ ತಗ್ಗಿದರೂ, 1 ಕಿಲೋಹರ್ಟ್ಸ್‌ನ ಸುತ್ತಮುತ್ತ ಬಹುತೇಕ ವ್ಯತ್ಯಾಸವೇ ಕಾಣದಿರಬಹುದು. ಹಾಗಾಗಿ ಎಡಗಡೆಯದು ಎಲ್ಲ ಕಡೆಯೂ 3 ಡೆಸಿಬಲ್ ಕಡಿಮೆಯಿದ್ದರೆ ಅಯಸ್ಕಾಂತವನ್ನು ಬಿಟ್ಟು ಬೇರೆ ಕಾರಣ ಹುಡುಕಿ.

ಅಲ್ನಿಕೊ ಧ್ವನಿಯೇ ಬೇರೆ ಎಂಬ ನಂಬಿಕೆಯ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು. 1970ರ ದಶಕದ ಕೊನೆಯಲ್ಲಿ ಕೋಬಾಲ್ಟ್ ದುಬಾರಿಯಾದಾಗ ತಯಾರಕರು ಕೋಬಾಲ್ಟ್ ಬೇಡದ ಫೆರೈಟ್ ಅಯಸ್ಕಾಂತಕ್ಕೆ ಹೊರಳಿದರು. ಜೆಬಿಎಲ್‌ನ ಅಲ್ನಿಕೊ 2441 ಮತ್ತು ಫೆರೈಟ್ 2445, ಇವೆರಡನ್ನೂ ಕೇಳಿ ತೂಗುವವರು ಅಯಸ್ಕಾಂತಗಳನ್ನು ತೂಗುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಆದರೆ ಮೊದಲನೆಯದರಲ್ಲಿರುವುದು ಅಲ್ಯೂಮಿನಿಯಂ ಗುಮ್ಮಟ, ಎರಡನೆಯದರಲ್ಲಿ ಟೈಟಾನಿಯಂ. ಕಿವಿಗೆ ಬಿದ್ದ ವ್ಯತ್ಯಾಸದ ದೊಡ್ಡ ಪಾಲು ಆ ಗುಮ್ಮಟದ್ದೇ ಎಂಬುದು ನನ್ನ ಅನುಭವ.

ಟೈಟಾನಿಯಂ ಹೆಚ್ಚು ಬಿರುಸು, ಆದ್ದರಿಂದ ಮೇಲಿನ ಸ್ವರ ಉತ್ತಮ ಎಂಬ ಮಾತು ಅರ್ಧಸತ್ಯ. ಅದರ ಬಿರುಸು ಅಲ್ಯೂಮಿನಿಯಂಗಿಂತ ಒಂದೂವರೆ ಪಟ್ಟಿಗೂ ಹೆಚ್ಚು, ನಿಜ. ಆದರೆ ಸಾಂದ್ರತೆಯೂ 2.7ರ ಎದುರು 4.5. ಗುಮ್ಮಟ ಯಾವ ಆವೃತ್ತಿಯಲ್ಲಿ ಒಟ್ಟಾಗಿ ಚಲಿಸುವುದನ್ನು ಬಿಟ್ಟು ತುಂಡು ತುಂಡಾಗಿ ನಡುಗತೊಡಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಲೋಹದೊಳಗಿನ ಶಬ್ದವೇಗ, ಅದು ಎರಡರಲ್ಲೂ ಸೆಕೆಂಡಿಗೆ ಸುಮಾರು 5,000 ಮೀಟರ್. ಟೈಟಾನಿಯಂ ಬಂದದ್ದು ಬಾಳಿಕೆಗಾಗಿ: ರಾತ್ರಿಯಿಡೀ ನೂರಾರು ಜನಕ್ಕೆ ಕೇಳಿಸುವ ಸಭಾವ್ಯವಸ್ಥೆಗಳಲ್ಲಿ ಅಲ್ಯೂಮಿನಿಯಂ ಬಳಲಿ ಸೀಳುತ್ತಿತ್ತು. ಕೋಣೆಯಲ್ಲಿ ಒಂದು ವ್ಯಾಟ್ ಕೂಡ ಮುಟ್ಟದ ನಿಮಗೆ ಆ ಬಳಲಿಕೆಯ ಭಯವಿಲ್ಲ. ನಿಜವಾಗಿ ಬೇರೆ ಜಾತಿಯದು ಬೆರಿಲಿಯಂ. ಅದರಲ್ಲಿ ಶಬ್ದವೇಗ ಸುಮಾರು 12,500 ಮೀಟರ್, ಟಿಎಡಿ ಕಂಪನಿಯ 4 ಇಂಚು ಡ್ರೈವರ್‌ಗಳ ಹೆಸರು ನಿಂತಿರುವುದೇ ಅದರ ಮೇಲೆ. ಒಡೆದ ಬೆರಿಲಿಯಂ ಗುಮ್ಮಟವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕುಂಚದಿಂದ ಗುಡಿಸಲೂಬೇಡಿ. ಅದರ ಪುಡಿ ಶ್ವಾಸಕೋಶಕ್ಕೆ ವಿಷ.

ಎಡಗಡೆಯ ಡಯಾಫ್ರಾಮ್ ಸೀಳಿರುವುದು ಖಚಿತವಾದರೆ, ಅಲ್ಯೂಮಿನಿಯಂನದನ್ನೇ, ಎರಡೂ ಬದಿಗೆ ಜೋಡಿಯಾಗಿ, ಒಂದೇ ತಯಾರಿಕೆಯದನ್ನು ಹಾಕಿ. ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಮತ್ತು ಹೊಸದರ ತೂಕ, ಮಡಿಕೆಯ ಬಿಗಿ ಹೊಂದುವುದಿಲ್ಲ. ಚೆನ್ನಾಗಿರುವ ಬಲಗಡೆಯ ಮೂಲ ಡಯಾಫ್ರಾಮನ್ನು ಡಬ್ಬಿಯಲ್ಲಿ ಜೋಪಾನವಾಗಿಡಿ. ಹಳೆಯ ಜೆಬಿಎಲ್ ಘಟಕಗಳಲ್ಲಿ ಕೆಂಪು ತುದಿಗೆ ಧನ ಕೊಟ್ಟರೆ ಇತರರ ರೂಢಿಗೆ ವಿರುದ್ಧ ದಿಕ್ಕಿಗೆ ಚಲಿಸುವ ಪದ್ಧತಿಯಿತ್ತು. ಹೊಸ ಡಯಾಫ್ರಾಮ್ ಯಾವ ಪದ್ಧತಿಯದೆಂದು ನೋಡಿ, ಎರಡು ಬದಿಗಳೂ ಒಂದೇ ದಿಕ್ಕಿಗಿರುವಂತೆ, ವೂಫರ್‌ನೊಂದಿಗೂ (ಕೆಳಸ್ವರಗಳ ಸ್ಪೀಕರ್) ಹೊಂದುವಂತೆ ತಂತಿ ಹಾಕಿ.

ಮತ್ತೆ ಜೋಡಿಸಿದ ಮೇಲೆ 500 ಹರ್ಟ್ಸ್‌ನಿಂದ 8 ಕಿಲೋಹರ್ಟ್ಸ್‌ವರೆಗೆ ಎರಡನ್ನೂ ಒಂದೇ ಹಾರ್ನ್‌ನ ಮೇಲೆ, ಮೈಕ್ರೊಫೋನ್ ಕದಲಿಸದೆ, ಒಂದಾದ ಮೇಲೊಂದರಂತೆ ಅಳೆಯಿರಿ. ರೇಖೆಗಳು 1 ಡೆಸಿಬಲ್‌ನ ಒಳಗೆ ಒಂದರ ಮೇಲೊಂದು ಕೂತರೆ ಟ್ವೀಟರ್ ಹುಡುಕಲು ಹೊರಡಿ. ಡಯಾಫ್ರಾಮ್ ಯಾವುದು ಹಾಕಿದರೂ ಎಡಗಡೆಯ ದೇಹವೇ ಮೇಲಿನ ಸ್ವರಗಳಲ್ಲಿ ಹಿಂದುಳಿದರೆ ಮಾತ್ರ ಮರುಕಾಂತೀಕರಣಕ್ಕೆ ಕಳುಹಿಸಿ; ಆಗಲೂ ಬಲಗಡೆಯದನ್ನು ಜೊತೆಗೇ ಕಳುಹಿಸಿ, ಎರಡೂ ಡಯಾಫ್ರಾಮ್‌ಗಳನ್ನು ಮಾತ್ರ ತೆಗೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ.